ಆ ಬಟನ್ ಎಲ್ಲಿ ಹೋಯ್ತು? ಡಿಟಿಪಿ, ಡಿಸೈನ್ ಕೆಲಸದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಪ್ರೆಸ್‌ನವರು, ಫ್ಲೆಕ್ಸ್ ಅಂಗಡಿಯವರು, ಫೋಟೊ ಸ್ಟುಡಿಯೊದವರು ಕೆಲಸದ ಮಧ್ಯೆ ಫೋನ್ ಮಾಡಿ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಹೆಚ್ಚಿನ ಪ್ರಶ್ನೆಗಳ ಹಿಂದಿನ ಕತೆ ಒಂದೇ. ಒಂದು ಕಂಪನಿ ತನ್ನ ಎದುರಾಳಿಯನ್ನು ಕೊಂಡಿತು. ಆಮೇಲೆ ನಾವು ದಿನಾ ಒತ್ತುತ್ತಿದ್ದ ಬಟನ್ ಕಾಣೆಯಾಯಿತು.

ಹಳೇ ಆಪರೇಟರ್‌ಗಳು ಮಾತೆತ್ತಿದರೆ ಫ್ರೀಹ್ಯಾಂಡ್ ಅಂತಾರೆ. ಅದರಲ್ಲಿ ಅಂಥದ್ದೇನಿತ್ತು?

ಫ್ರೀಹ್ಯಾಂಡ್ ಅಂದರೆ ಗೆರೆಚಿತ್ರ ಬರೆಯುವ ಸಾಫ್ಟ್‌ವೇರ್, ಅಡೋಬಿ ಕಂಪನಿಯ ಇಲಸ್ಟ್ರೇಟರ್‌ಗೆ ಎದುರಾಳಿ. ಲಗ್ನಪತ್ರಿಕೆಯ ಕೆಲಸವನ್ನೇ ತಗೊಳ್ಳಿ. ಕಾರ್ಡಿನ ಮುಖಪುಟ, ಒಳಗಿನ ಹಾಳೆಗಳು, ಕವರ್, ಕೆಲವರಿಗೆ ಆರತಕ್ಷತೆಗೆ ಅಂತ ಬೇರೆ ಚೀಟಿ. ಎಲ್ಲದರ ಅಳತೆಯೂ ಬೇರೆ. ಫ್ರೀಹ್ಯಾಂಡ್‌ನಲ್ಲಿ ಇವೆಲ್ಲ ಒಂದೇ ಫೈಲಿನಲ್ಲಿ, ಬೇರೆ ಬೇರೆ ಅಳತೆಯ ಪುಟಗಳಾಗಿ, ಅಕ್ಕಪಕ್ಕದಲ್ಲೇ ಕೂರುತ್ತಿದ್ದವು. ಮುಖಪುಟದ ಗಣಪತಿಯನ್ನು ಎಳೆದು ಕವರಿನ ಮೇಲೆ ಬಿಟ್ಟರೆ ಆಯಿತು. ಅದೇ ಕಾಲದ ಇಲಸ್ಟ್ರೇಟರ್‌ನಲ್ಲಿ ಒಂದು ಫೈಲಿಗೆ ಒಂದೇ ಪುಟ. ಕಾರ್ಡಿಗೊಂದು ಫೈಲ್, ಕವರಿಗೊಂದು ಫೈಲ್. ವರನ ಹೆಸರಿನಲ್ಲಿ ಒಂದು ಅಕ್ಷರ ತಿದ್ದಬೇಕಾದರೆ ಎಲ್ಲವನ್ನೂ ತೆರೆದು ತಿದ್ದಬೇಕು. ಒಂದನ್ನು ಮರೆತರೆ ಕಾರ್ಡಿನಲ್ಲಿ ಒಂದು ಹೆಸರು, ಕವರಿನಲ್ಲಿ ಇನ್ನೊಂದು ಹೆಸರು. ಇಲಸ್ಟ್ರೇಟರ್‌ಗೆ ಆರ್ಟ್‌ಬೋರ್ಡ್ ಅನ್ನೋ ಹೆಸರಿನಲ್ಲಿ ಹಲವು ಪುಟಗಳು ಬಂದದ್ದು ಸಿಎಸ್4ರಲ್ಲಿ (ಸಿಎಸ್ ಅಂದರೆ ಕ್ರಿಯೇಟಿವ್ ಸೂಟ್, ಅಡೋಬಿ ಸಾಫ್ಟ್‌ವೇರ್‌ಗಳ ಕಟ್ಟು), ಅಂದರೆ 2008ರಲ್ಲಿ.

ಇನ್ನೊಂದು, ಪೇಸ್ಟ್ ಇನ್‌ಸೈಡ್. ಒಂದು ಕಳಶದ ಆಕಾರ ಬರೆದಿದ್ದೀರಿ. ಅದರೊಳಗೆ ರೇಷ್ಮೆ ಸೀರೆಯ ಡಿಸೈನ್ ತುಂಬಬೇಕು. ಡಿಸೈನನ್ನು ಕಟ್ ಮಾಡಿ, ಕಳಶ ಆರಿಸಿ, ಪೇಸ್ಟ್ ಇನ್‌ಸೈಡ್ ಒತ್ತಿದರೆ ಒಳಗೆ ಹೋಗಿ ಕೂರುತ್ತಿತ್ತು. ಮತ್ತೆ ಹೊರಗೆ ತೆಗೆಯೋದೂ ಅಷ್ಟೇ ಸಲೀಸು. ಇಲಸ್ಟ್ರೇಟರ್‌ನಲ್ಲಿ ಇದಕ್ಕೆ ಮಾಸ್ಕ್ ಮಾಡಬೇಕು, ಅದಕ್ಕೂ ಮೊದಲು ಯಾವುದು ಮೇಲಿದೆ, ಯಾವುದು ಕೆಳಗಿದೆ ಅಂತ ನೋಡಿಕೊಳ್ಳಬೇಕು. ಅದರ ಹತ್ತಿರಕ್ಕೆ ಬರುವ ಡ್ರಾ ಇನ್‌ಸೈಡ್ ಸಿಎಸ್5ರಲ್ಲಿ ಬಂತು, 2010ರಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗ್ರಾಫಿಕ್‌ಗೂ ಇದ್ದ ಫೈಂಡ್ ಅಂಡ್ ರಿಪ್ಲೇಸ್. ವರ್ಡ್‌ನಲ್ಲಿ ಪದ ಹುಡುಕಿ ಬದಲಿಸುತ್ತೀವಲ್ಲ, ಅದೇ ಥರ ಬಣ್ಣ, ಗೆರೆಯ ದಪ್ಪ, ಫಾಂಟ್ ಎಲ್ಲವನ್ನೂ ಹುಡುಕಿ ಇಡೀ ಫೈಲಿನಲ್ಲಿ ಬದಲಿಸಬಹುದಿತ್ತು. ಪ್ರೂಫ್ ನೋಡಿದ ಮೇಲೆ ಪಾರ್ಟಿ, ಅಂದರೆ ಕೆಲಸ ಕೊಟ್ಟವರು, ಏನು ಹೇಳುತ್ತಾರೆ ಅಂತ ನಿಮಗೂ ಗೊತ್ತು. "ಕೆಂಪು ಬೇಡ ಸಾರ್, ಮರೂನ್ ಮಾಡಿ. ಬಾರ್ಡರ್ ಗೆರೆ ಒಂಚೂರು ದಪ್ಪ ಇರಲಿ." ಅವರ ಮುಂದೆಯೇ ಮಾಡಿ ತೋರಿಸಬಹುದಿತ್ತು. ಈಗಿನ ಇಲಸ್ಟ್ರೇಟರ್‌ನಲ್ಲಿ ಸೆಲೆಕ್ಟ್ ಸೇಮ್ ಇದೆ, ಕೆಲಸ ಆಗುತ್ತದೆ. ಆದರೆ ಆರಿಸುವುದು ಒಂದು ಹೆಜ್ಜೆ, ಬದಲಿಸುವುದು ಇನ್ನೊಂದು ಹೆಜ್ಜೆ. ಫ್ರೀಹ್ಯಾಂಡ್‌ನಲ್ಲಿ ಅವೆರಡೂ ಒಂದೇ ಪ್ಯಾನೆಲ್‌ನಲ್ಲಿದ್ದವು.

ಅಷ್ಟು ಚೆನ್ನಾಗಿದ್ದರೆ ಯಾಕೆ ನಿಲ್ಲಿಸಿದರು?

ಫ್ರೀಹ್ಯಾಂಡ್ ಬರೆದದ್ದು ಅಮೆರಿಕದ ಟೆಕ್ಸಾಸ್‌ನ ಆಲ್ಟ್‌ಸಿಸ್ ಅನ್ನೋ ಸಣ್ಣ ಕಂಪನಿ. ಮಾರುತ್ತಿದ್ದದ್ದು ಆಲ್ಡಸ್. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ ಮಾಡಿದ್ದೂ ಇದೇ ಆಲ್ಡಸ್. 1994ರಲ್ಲಿ ಆಲ್ಡಸ್ ಅಡೋಬಿ ಪಾಲಾಯಿತು. ಅಡೋಬಿ ಹತ್ತಿರ ಆಗಲೇ ಇಲಸ್ಟ್ರೇಟರ್ ಇತ್ತು. ಫ್ರೀಹ್ಯಾಂಡ್ ಕೂಡ ಅದೇ ಮನೆಗೆ ಹೋದರೆ ಸ್ಪರ್ಧೆ ಎಲ್ಲಿ ಉಳಿಯುತ್ತೆ ಅಂತ ಆಲ್ಟ್‌ಸಿಸ್ ಜಗಳಕ್ಕೆ ನಿಂತಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬಂದು, ಫ್ರೀಹ್ಯಾಂಡನ್ನು ಆಲ್ಟ್‌ಸಿಸ್‌ಗೆ ವಾಪಸ್ ಕೊಡಿಸಿತು. ತನ್ನ ಒಪ್ಪಿಗೆ ಇಲ್ಲದೆ ಅಡೋಬಿ 10 ವರ್ಷ ಇಂಥ ವೃತ್ತಿಪರ ಡ್ರಾಯಿಂಗ್ ಸಾಫ್ಟ್‌ವೇರ್ ಕೊಳ್ಳಬಾರದು ಅಂತ ಷರತ್ತನ್ನೂ ಹಾಕಿತು. 1995ರಲ್ಲಿ ಮ್ಯಾಕ್ರೋಮೀಡಿಯಾ ಆಲ್ಟ್‌ಸಿಸ್ ಅನ್ನು ಕೊಂಡಿತು. ಫ್ರೀಹ್ಯಾಂಡ್‌ನ ಒಳ್ಳೆ ದಿನಗಳು ಅವು.

ಷರತ್ತಿನ 10 ವರ್ಷ ಮುಗಿದದ್ದು 2004ರಲ್ಲಿ. 2005ರ ಏಪ್ರಿಲ್‌ನಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಳ್ಳುತ್ತೇನೆ ಅಂತ ಹೇಳಿತು, ಸುಮಾರು 340 ಕೋಟಿ ಡಾಲರ್‌ಗೆ. ಡಿಸೆಂಬರಿನಲ್ಲಿ ಕೈಬದಲಾಯಿತು. ಅಡೋಬಿ ಕಣ್ಣು ಮುಖ್ಯವಾಗಿ ಇದ್ದದ್ದು ವೆಬ್‌ಸೈಟ್‌ಗಳಲ್ಲಿ ಅನಿಮೇಷನ್ ಓಡಿಸುವ ಫ್ಲ್ಯಾಶ್ ಮೇಲೆ. ಫ್ರೀಹ್ಯಾಂಡ್ ಜೊತೆಯಲ್ಲಿ ಬಂದ ಸಾಮಾನು ಅಷ್ಟೆ. 2003ರ ಎಂಎಕ್ಸ್ ಆವೃತ್ತಿಯೇ ಕೊನೆಯದಾಯಿತು. ಇನ್ನು ಹೊಸದು ಬರಲ್ಲ ಅಂತ 2007ರಲ್ಲಿ ಬಾಯಿಬಿಟ್ಟು ಹೇಳಿದರು.

ಮೊದಲ ಸಲ ತಡೆದ ಸರ್ಕಾರ ಎರಡನೇ ಸಲ ಬಿಟ್ಟುಬಿಟ್ಟಿತು. ನನ್ನ ಲೆಕ್ಕದಲ್ಲಿ ಇಡೀ ಕತೆಯ ತಿರುವು ಅದೇ.

ಬಳಸುವವರು ಯಾರೂ ಕೇಳಲಿಲ್ಲವಾ?

ಕೇಳಿದರು. ಫ್ರೀ ಫ್ರೀಹ್ಯಾಂಡ್ ಅಂತ ಒಂದು ಗುಂಪು ಕಟ್ಟಿಕೊಂಡು 2011ರಲ್ಲಿ ಅಮೆರಿಕದಲ್ಲಿ ಅಡೋಬಿ ಮೇಲೆ ಕೇಸೇ ಹಾಕಿದರು. ಏಕಸ್ವಾಮ್ಯ ಮಾಡಿಕೊಂಡಿದ್ದೀರಿ ಅನ್ನೋದು ಆರೋಪ. ಮುಂದಿನ ವರ್ಷ ರಾಜಿಯಾಯಿತು. ಸದಸ್ಯರಿಗೆ ಅಡೋಬಿ ಸಾಫ್ಟ್‌ವೇರ್ ಮೇಲೆ ರಿಯಾಯಿತಿ ಸಿಕ್ಕಿತು. ಫ್ರೀಹ್ಯಾಂಡ್ ಸಿಗಲಿಲ್ಲ.

2011ರಲ್ಲೇ ಇನ್ನೊಂದು ಏಟು ಬಿತ್ತು. ಮ್ಯಾಕ್‌ನಲ್ಲಿ ಫ್ರೀಹ್ಯಾಂಡ್ ಹಳೇ ಪವರ್‌ಪಿಸಿ ಚಿಪ್‌ಗೆ ಬರೆದದ್ದು. ಇಂಟೆಲ್ ಮ್ಯಾಕ್‌ಗಳಲ್ಲಿ ಅದನ್ನು ಓಡಿಸುತ್ತಿದ್ದ ರೊಸೆಟ್ಟಾ ಎಂಬ ಸೌಲಭ್ಯವನ್ನು ಆ್ಯಪಲ್ ಆ ವರ್ಷದ ಲಯನ್ ಆವೃತ್ತಿಯಲ್ಲಿ ತೆಗೆದುಹಾಕಿತು. ಫ್ರೀಹ್ಯಾಂಡನ್ನು ಯಾರೂ ಅಳಿಸಲಿಲ್ಲ. ಅದು ಓಡುವ ಹೊಸ ಮ್ಯಾಕ್‌ಗಳೇ ಇಲ್ಲದಂತಾದವು.

ಕೊಂಡ ಮೇಲೆ ಆ ಫೀಚರನ್ನು ತಮ್ಮದಕ್ಕೆ ಹಾಕಿಕೊಳ್ಳಬಹುದಲ್ಲ? ಸುಮ್ನೆ ಯಾಕೆ ಎಸೀತಾರೆ?

ಎಲ್ಲರೂ ಕೇಳುವುದು ಇದನ್ನೇ. ಫೀಚರ್ ಅಂದರೆ ಒಂದು ಕಡೆಯಿಂದ ಬಿಚ್ಚಿ ಇನ್ನೊಂದು ಕಡೆ ಜೋಡಿಸುವ ಬಿಡಿಭಾಗ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿರುವುದಿಲ್ಲ. ಒಂದು ಫೈಲಿನಲ್ಲಿ ಹಲವು ಪುಟ ಇರಬೇಕಾದರೆ ಆ ಫೈಲಿನ ರಚನೆಯೇ ಹಾಗಿರಬೇಕು. ಪ್ರಿಂಟ್, ಎಕ್ಸ್‌ಪೋರ್ಟ್, ಲೇಯರ್, ಅಳತೆ ಪಟ್ಟಿ ಎಲ್ಲಕ್ಕೂ ಪುಟ ಅಂದರೇನು ಅಂತ ಗೊತ್ತಿರಬೇಕು. ಒಂದೇ ಪುಟ ಅಂತ ನಂಬಿ ವರ್ಷಗಟ್ಟಲೆ ಬರೆದ ಸಾಫ್ಟ್‌ವೇರಿಗೆ ಇದನ್ನು ತರಬೇಕಾದರೆ ಅರ್ಧಕ್ಕರ್ಧ ಮತ್ತೆ ಬರೆಯಬೇಕಾಗುತ್ತದೆ.

ಅದು ತಾಂತ್ರಿಕ ಕಾರಣ. ಇನ್ನೊಂದು ಕಾರಣ ವ್ಯಾಪಾರದ್ದು. ಅದನ್ನು ಅಷ್ಟು ಸುಲಭವಾಗಿ ಯಾರೂ ಹೇಳುವುದಿಲ್ಲ. ಮಂಡ್ಯದಲ್ಲಿ ಒಂದೇ ರಸ್ತೆಯ ಎರಡು ಫ್ಲೆಕ್ಸ್ ಅಂಗಡಿ ಒಬ್ಬನದ್ದೇ ಆದರೆ ಚದರಡಿ ರೇಟು ಇಳಿಸೋರು ಯಾರು? ಇಲ್ಲೂ ಅಷ್ಟೆ. ಎದುರಾಳಿಯ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ ಅನ್ನುವಾಗ ಹೊಸ ಆವೃತ್ತಿಯಲ್ಲಿ ಹೇಗಾದರೂ ತರಬೇಕು ಅನ್ನೋ ಒತ್ತಡ ಇರುತ್ತದೆ. ಎದುರಾಳಿಯೇ ಇಲ್ಲದಾಗ ಅದು ಪಟ್ಟಿಯ ಕೊನೆಗೆ ಹೋಗುತ್ತದೆ.

ಜೊತೆಗೆ ಆ ಸಾಫ್ಟ್‌ವೇರ್ ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಕೋಡ್ ಇರುತ್ತದೆ, ಯಾಕೆ ಹಾಗೆ ಬರೆದರು ಅಂತ ಹೇಳೋರು ಇರುವುದಿಲ್ಲ.

ಪೇಜ್‌ಮೇಕರ್ ನಿಂತು ಇಷ್ಟು ವರ್ಷ ಆಯ್ತು. ನಮ್ಮ ಪ್ರೆಸ್‌ಗಳಲ್ಲಿ ಇನ್ನೂ ಯಾಕಿದೆ?

ಸೋಮಾರಿತನ ಅಂತ ಹೊಸ ಹುಡುಗರು ನಗುತ್ತಾರೆ. ಪೂರ್ತಿ ಸರಿ ಅಲ್ಲ.

ಪೇಜ್‌ಮೇಕರ್ ಶುರುವಾದದ್ದು 1985ರಲ್ಲಿ. ಡಿಟಿಪಿ ಅನ್ನುವ ಉದ್ಯೋಗವೇ ಅದರಿಂದ ಹುಟ್ಟಿತು ಅಂದರೆ ತಪ್ಪಿಲ್ಲ. 1994ರಲ್ಲಿ ಅಡೋಬಿ ಕೈಗೆ ಬಂತು. ಅದೇ ಕೆಲಸಕ್ಕೆ ಅಡೋಬಿ 1999ರಲ್ಲಿ ಇನ್‌ಡಿಸೈನ್ ತಂದಿತು. 2001ರ ಪೇಜ್‌ಮೇಕರ್ 7.0 ಕೊನೆಯದಾಯಿತು. ನಮ್ಮಲ್ಲಿ ಕನ್ನಡ ಟೈಪ್ ಮಾಡುವ ನುಡಿ, ಶ್ರೀಲಿಪಿಯ ಫಾಂಟ್‌ಗಳೆಲ್ಲ ಪೇಜ್‌ಮೇಕರ್‌ಗೆ ಒಗ್ಗಿದ್ದವು. ಟೈಪ್ ಮಾಡುವವರ ಕೈಯೂ ಒಗ್ಗಿತ್ತು. ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಇದೊಂದಕ್ಕೇ ಉಳಿಸಿಕೊಂಡ ಅಂಗಡಿಗಳನ್ನು ನಾನೇ ನೋಡಿದ್ದೇನೆ.

ಅಭ್ಯಾಸದ ಮಾತು ಬಿಡಿ. ನಿಜವಾಗಿ ಕಳೆದುಹೋದ ಎರಡು ಸೌಕರ್ಯ ಹೇಳುತ್ತೇನೆ.

ಮೊದಲನೆಯದು ಪೇಸ್ಟ್‌ಬೋರ್ಡ್. ಪುಟದ ಹೊರಗೆ ಖಾಲಿ ಜಾಗ ಇರುತ್ತಲ್ಲ, ಅದು. ಪೇಜ್‌ಮೇಕರ್‌ನಲ್ಲಿ ಆ ಜಾಗ ಎಲ್ಲ ಪುಟಕ್ಕೂ ಒಂದೇ. ಮೂರನೇ ಪುಟದಲ್ಲಿ ಹಿಡಿಸದ ಜಾಹೀರಾತನ್ನು ಪಕ್ಕಕ್ಕೆ ಎಳೆದಿಟ್ಟು ಒಂಬತ್ತನೇ ಪುಟಕ್ಕೆ ಹೋದರೆ ಅದು ಅಲ್ಲೇ ಕಾಯುತ್ತಿರುತ್ತದೆ. ಎಳೆದು ಒಳಗೆ ಹಾಕಿಕೊಳ್ಳಿ. ಇನ್‌ಡಿಸೈನ್‌ನಲ್ಲಿ ಪ್ರತಿ ಜೋಡಿಪುಟಕ್ಕೂ ಅದರದ್ದೇ ಪೇಸ್ಟ್‌ಬೋರ್ಡ್. ಪಕ್ಕಕ್ಕಿಟ್ಟಿದ್ದು ಅಲ್ಲೇ ಉಳಿಯುತ್ತದೆ, ಹುಡುಕಿಕೊಂಡು ಹೋಗಬೇಕು. ಸಂಘದ ಸ್ಮರಣ ಸಂಚಿಕೆ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಜಾಹೀರಾತು ಕೊನೇ ರಾತ್ರಿ ತನಕ ಬರುತ್ತಲೇ ಇರುತ್ತವೆ. ಅಧ್ಯಕ್ಷರ ಫೋಟೊ ಯಾವ ಪುಟ ಅನ್ನೋದು ಬೆಳಗಿನ ಜಾವದವರೆಗೂ ತೀರ್ಮಾನ ಆಗಿರಲ್ಲ.

ಎರಡನೆಯದು ಬಿಲ್ಡ್ ಬುಕ್‌ಲೆಟ್. 16 ಪುಟದ, ನಡುವೆ ಪಿನ್ ಹೊಡೆಯುವ ಪುಸ್ತಕ ಅಂದುಕೊಳ್ಳಿ. ಹಾಳೆಯ ಒಂದು ಮುಖದಲ್ಲಿ 16 ಮತ್ತು 1 ಪಕ್ಕಪಕ್ಕ ಬರಬೇಕು. ಅದರ ಬೆನ್ನಿಗೆ 2 ಮತ್ತು 15. ಆಮೇಲೆ 14 ಮತ್ತು 3, ಹೀಗೆ. ಪೇಜ್‌ಮೇಕರ್ ಈ ಲೆಕ್ಕವನ್ನು ತಾನೇ ಹಾಕಿ, ಜೋಡಿಸಿದ ಪುಟಗಳ ಬೇರೆಯೇ ಫೈಲ್ ಮಾಡಿಕೊಡುತ್ತಿತ್ತು. ಅದನ್ನು ತೆರೆದು ನೋಡಬಹುದು, ಕಟಿಂಗ್ ಮಾರ್ಕ್ ತಿದ್ದಬಹುದು, ಒಂದು ಪುಟ ಒಂಚೂರು ಸರಿಸಬಹುದು. ಪ್ಲೇಟ್ ಮಾಡಿಸುವ ಮೊದಲು ಕಣ್ಣಾರೆ ನೋಡುವ ಧೈರ್ಯ ಇತ್ತು.

ಇನ್‌ಡಿಸೈನ್‌ನಲ್ಲೂ ಪ್ರಿಂಟ್ ಬುಕ್‌ಲೆಟ್ ಇದೆಯಲ್ಲ?

ಇದೆ. ಅದು ಪ್ರಿಂಟಿಗೆ ಕಳಿಸುತ್ತದೆ, ಜೋಡಿಸಿದ ಇನ್‌ಡಿಸೈನ್ ಫೈಲ್ ಮಾಡಿಕೊಡಲ್ಲ.

ಇದರ ಹಿಂದೆ ಒಂದು ಸಣ್ಣ ಕತೆ ಇದೆ, ನನಗೆ ತುಂಬಾ ಸ್ವಾರಸ್ಯ ಅನಿಸುತ್ತದೆ. ಪೇಜ್‌ಮೇಕರ್‌ನವರನ್ನು ಸೆಳೆಯೋಕೆ ಅಡೋಬಿ 2004ರಲ್ಲಿ ಇನ್‌ಡಿಸೈನ್ ಸಿಎಸ್ ಪೇಜ್‌ಮೇಕರ್ ಎಡಿಷನ್ ಅಂತ ತಂದಿತು. ಪೇಜ್‌ಮೇಕರ್‌ನಲ್ಲಿದ್ದು ಇನ್‌ಡಿಸೈನ್‌ನಲ್ಲಿ ಇಲ್ಲದ ಹಲವು ಸೌಕರ್ಯಗಳನ್ನು ಅದರಲ್ಲಿ ಸೇರಿಸಿದ್ದರು. ಬುಲೆಟ್ ಮತ್ತು ನಂಬರಿಂಗ್, ಡೇಟಾ ಮರ್ಜ್, ಪೊಸಿಷನ್ ಟೂಲ್, ಜೊತೆಗೆ ಇನ್‌ಬುಕ್‌ಲೆಟ್ ಅನ್ನೋ ಪ್ಲಗ್‌ಇನ್. ಈ ಇನ್‌ಬುಕ್‌ಲೆಟ್ ಜೋಡಿಸಿದ ಫೈಲನ್ನೇ ಮಾಡಿಕೊಡುತ್ತಿತ್ತು. ಆದರೆ ಅದನ್ನು ಬರೆದದ್ದು ಅಡೋಬಿ ಅಲ್ಲ, ಎ ಲೋಲಿ ಅಪ್ರೆಂಟಿಸ್ ಪ್ರೊಡಕ್ಷನ್ ಎಂಬ ಪುಟ್ಟ ಕಂಪನಿ. 2005ರಲ್ಲಿ ಆ ಕಂಪನಿಯನ್ನು ಕೊಂಡವರು ಯಾರು ಗೊತ್ತಾ? ಇನ್‌ಡಿಸೈನ್‌ನ ಎದುರಾಳಿ ಕ್ವಾರ್ಕ್. ಮುಂದೆ ಸಿಎಸ್3 ಬಂದಾಗ ಇನ್‌ಬುಕ್‌ಲೆಟ್ ಇರಲಿಲ್ಲ, ಅದರ ಜಾಗದಲ್ಲಿ ಪ್ರಿಂಟ್ ಬುಕ್‌ಲೆಟ್ ಇತ್ತು.

ಸದ್ಯದ ದಾರಿ ಇಷ್ಟೆ. ಪ್ರಿಂಟ್ ಬುಕ್‌ಲೆಟ್‌ನಿಂದ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಮಾಡಿ ಅದನ್ನು ಪಿಡಿಎಫ್ ಮಾಡಿಕೊಳ್ಳಿ. ಇಲ್ಲಾಂದ್ರೆ ಬಿಡಿಪುಟಗಳ ಪಿಡಿಎಫ್ ಮಾಡಿ, ಪುಟ ಜೋಡಿಸುವ ಕೆಲಸವನ್ನು ಪ್ಲೇಟ್ ಮಾಡುವವರಿಗೇ ಬಿಡಿ. ಎರಡನೆಯದೇ ಮೇಲು.

ಹಾಗಾದರೆ ಇನ್‌ಡಿಸೈನ್ ಕೆಟ್ಟದ್ದಾ?

ಖಂಡಿತ ಅಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಕೊನೆಯವರೆಗೂ ಬರಲೇ ಇಲ್ಲ. ಇನ್‌ಡಿಸೈನ್ ಸಿಎಸ್6ರಲ್ಲಿ, 2012ರಲ್ಲಿ, ವರ್ಲ್ಡ್ ರೆಡಿ ಕಂಪೋಸರ್ ಮೂಲಕ ಕನ್ನಡ ಸೇರಿ ಭಾರತದ ಭಾಷೆಗಳಿಗೆ ನೇರ ಬೆಂಬಲ ಬಂತು. ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುತ್ತದೆ. ಕನ್ನಡ ಪುಸ್ತಕ ಮಾಡುವವರಿಗೆ ಇದೊಂದೇ ಸಾಕು ಬದಲಾಯಿಸೋಕೆ. ಇವತ್ತು ಹೊಸ ಪುಸ್ತಕದ ಕೆಲಸ ಹಿಡಿದರೆ ನಾನು ಪೇಜ್‌ಮೇಕರ್ ಮುಟ್ಟುವುದಿಲ್ಲ. ಯೂನಿಕೋಡ್‌ನಲ್ಲಿ ಮಾಡಿದ ಪುಸ್ತಕವನ್ನು ನಾಳೆ ಇ-ಪುಸ್ತಕ ಮಾಡಬಹುದು, ಹುಡುಕಬಹುದು. ನುಡಿಯ ಹಳೇ ಫಾಂಟಿನಲ್ಲಿ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಒಂದು ಎಚ್ಚರ ಬೇಕು: ಯೂನಿಕೋಡ್ ಫೈಲಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸೋದು ಮರೆತರೆ ಒತ್ತಕ್ಷರ ಪಕ್ಕಕ್ಕೆ ಬಿದ್ದು ಕಾಣುತ್ತದೆ. "ಇನ್‌ಡಿಸೈನ್‌ಗೆ ಕನ್ನಡ ಬರಲ್ಲ ಸಾರ್" ಅಂತ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಇದೇ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿದೆ ನೋಡಿ.

ಫೈರ್‌ವರ್ಕ್ಸ್ ಕತೆ ಏನು?

ವೆಬ್ ಡಿಸೈನ್ ಮಾಡುತ್ತಿದ್ದವರಿಗೆ ಗೊತ್ತು. ಮ್ಯಾಕ್ರೋಮೀಡಿಯಾ 1998ರಲ್ಲಿ ತಂದದ್ದು. ಗೆರೆಚಿತ್ರ, ಫೋಟೊ ಎರಡನ್ನೂ ಒಂದೇ ಕಡೆ ತಿದ್ದಬಹುದಿತ್ತು. ಫೈಲ್ ಕೂಡ ಬರೀ ಪಿಎನ್‌ಜಿ, ಆದರೆ ಒಳಗೆ ಲೇಯರ್‌ಗಳೆಲ್ಲ ಹಾಗೇ ಇರುತ್ತಿದ್ದವು. ಯಾರಿಗೆ ಕಳಿಸಿದರೂ ಚಿತ್ರವಾಗಿ ತೆರೆಯುತ್ತಿತ್ತು, ಫೈರ್‌ವರ್ಕ್ಸ್ ಇದ್ದವರಿಗೆ ತಿದ್ದೋಕೂ ಬರುತ್ತಿತ್ತು. ಫೋಟೊಶಾಪ್, ಇಲಸ್ಟ್ರೇಟರ್ ಎರಡಕ್ಕೂ ಅಡ್ಡಬರುತ್ತಿದ್ದ ಸಾಫ್ಟ್‌ವೇರ್. 2013ರಲ್ಲಿ ನಿಲ್ಲಿಸಿದರು. ಬಾಡಿಗೆ ಪದ್ಧತಿಯ ಕ್ರಿಯೇಟಿವ್ ಕ್ಲೌಡ್ ಒಂದೇ ದಾರಿ ಅಂತ ಅಡೋಬಿ ಹೇಳಿದ್ದೂ ಅದೇ ವರ್ಷ.

ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಮಾತ್ರ ಉಳಿಯಿತು. ಸತ್ತದ್ದು ಅಡೋಬಿಯದ್ದೇ ಆದ ಗೋಲೈವ್, 2008ರಲ್ಲಿ. ಅದನ್ನೂ 1999ರಲ್ಲಿ ಕೊಂಡೇ ತಂದಿದ್ದರು. ಕೊಂಡವರದ್ದೇ ಯಾವಾಗಲೂ ಉಳಿಯುತ್ತದೆ ಅಂತ ಏನಿಲ್ಲ. ಎರಡರಲ್ಲಿ ಒಂದು ಮಾತ್ರ ಉಳಿಯುತ್ತದೆ.

ಬರೀ ಅಡೋಬಿಯನ್ನೇ ಬೈತೀರಲ್ಲ?

ನಮ್ಮ ಕೆಲಸದಲ್ಲಿ ದಿನಾ ಎದುರಾಗುವುದು ಅದೇ, ಅದಕ್ಕೆ. 1998ರಲ್ಲಿ ಕ್ವಾರ್ಕ್ ಅಡೋಬಿಯನ್ನೇ ಕೊಳ್ಳೋಕೆ ಹೊರಟಿತ್ತು, ಅಡೋಬಿ ಒಪ್ಪಲಿಲ್ಲ. ಆ ವ್ಯವಹಾರ ಆಗಿದ್ದರೆ ಇನ್‌ಡಿಸೈನ್ ಹೊರಗೆ ಬರುತ್ತಿತ್ತಾ ಯೋಚನೆ ಮಾಡಿ.

ಅನಿಮೇಷನ್ ಕಲಿಯುವವರಿಗೆ ಇನ್ನೊಂದು ಉದಾಹರಣೆ. ಆಟೊಡೆಸ್ಕ್ ಹತ್ತಿರ ಮೊದಲೇ 3ಡಿಎಸ್ ಮ್ಯಾಕ್ಸ್ ಇತ್ತು. ಏಲಿಯಸ್ ಕಂಪನಿಯನ್ನು ಕೊಂಡು ಮಾಯಾ ತಂದುಕೊಂಡಿತು, ಆ ವ್ಯವಹಾರ 2006ರ ಜನವರಿಯಲ್ಲಿ ಮುಗಿಯಿತು. 2008ರಲ್ಲಿ ಸಾಫ್ಟ್‌ಇಮೇಜನ್ನೂ ಕೊಂಡಿತು. ಮೂರು ಎದುರಾಳಿಗಳು ಒಂದೇ ಸೂರಿನಡಿ. ಸಾಫ್ಟ್‌ಇಮೇಜ್‌ನಲ್ಲಿ ಐಸ್ ಅಂತ ಒಂದು ಸೌಕರ್ಯ ಇತ್ತು. ಹೊಗೆ, ಧೂಳು, ಜನಜಂಗುಳಿ ಇವನ್ನೆಲ್ಲ ಕೋಡ್ ಬರೆಯದೆ, ಪೆಟ್ಟಿಗೆಗಳಿಗೆ ತಂತಿ ಜೋಡಿಸಿದ ಹಾಗೆ ಜೋಡಿಸಿ ಮಾಡಬಹುದಿತ್ತು. 2014ರಲ್ಲಿ ಸಾಫ್ಟ್‌ಇಮೇಜ್ ನಿಲ್ಲಿಸುತ್ತೇವೆ ಅಂದರು, 2015ರ ಆವೃತ್ತಿಯೇ ಕೊನೆಯದು. ಆ ಥರದ ಕೆಲಸ ಬೇಕಿದ್ದರೆ ಈಗ ಬ್ಲೆಂಡರ್‌ನ ಜಿಯೊಮೆಟ್ರಿ ನೋಡ್ಸ್ ಕಲಿಯಿರಿ. 2021ರಲ್ಲಿ ಬಂದದ್ದು, ಉಚಿತ.

ಅಣ್ಣ, ಮಂಡ್ಯದಲ್ಲಿ ಫ್ಲೆಕ್ಸ್ ಮಾಡೋರಿಗೆಲ್ಲ ಕೋರೆಲ್ ಒಂದೇ ಗೊತ್ತಿರೋದು. ನಮಗೇನೂ ತೊಂದರೆ ಇಲ್ಲ ತಾನೆ?

ಕೋರೆಲ್‌ಡ್ರಾ 1989ರಿಂದ ಇದೆ, ಇನ್ನೂ ಓಡುತ್ತಿದೆ. ಅದರಲ್ಲಿ ಬೇರೆ ಬೇರೆ ಅಳತೆಯ ಪುಟ ಇದೆ, ಫ್ರೀಹ್ಯಾಂಡ್‌ನ ಪೇಸ್ಟ್ ಇನ್‌ಸೈಡ್‌ಗೆ ಸಮನಾದ ಪವರ್‌ಕ್ಲಿಪ್ ಇದೆ, ಗ್ರಾಫಿಕ್ ಹುಡುಕಿ ಬದಲಿಸುವುದೂ ಇದೆ. ಹಾಗಾಗಿ ಫ್ರೀಹ್ಯಾಂಡ್ ಕಳಕೊಂಡವರ ದುಃಖ ನಿಮಗೆ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ.

ಆದರೆ ಕೋರೆಲ್ ಕೂಡ ಸಾಧು ಅಲ್ಲ. ವೆಂಚುರಾ ಪಬ್ಲಿಷರ್‌ನ್ನು 1993ರಲ್ಲಿ ಕೊಂಡಿತು. ದಪ್ಪ ಪುಸ್ತಕ ಮಾಡುವವರಿಗೆ ಅದು ಭಾಳ ಒಳ್ಳೆಯದಿತ್ತು. ಬರಹ ಬೇರೆ ಫೈಲಿನಲ್ಲೇ ಉಳಿಯುತ್ತಿತ್ತು, ತಲೆಬರಹ, ಉಪಶೀರ್ಷಿಕೆ ಅಂತ ಗುರುತು ಹಾಕಿದ್ದರೆ ಪುಟ ತಾನೇ ಜೋಡಿಸುತ್ತಿತ್ತು. 2002ರ ಹತ್ತನೇ ಆವೃತ್ತಿಯ ನಂತರ ಅದು ಬರಲಿಲ್ಲ. 2001ರಲ್ಲಿ ಮೈಕ್ರೋಗ್ರಾಫಿಕ್ಸ್, 2004ರಲ್ಲಿ ಪೇಂಟ್ ಶಾಪ್ ಪ್ರೊ, 2018ರಲ್ಲಿ ಗ್ರಾವಿಟ್ ಕೂಡ ಕೋರೆಲ್ ಪಾಲಾದವು. ಕೋರೆಲ್‌ನನ್ನೇ 2019ರಲ್ಲಿ ಕೆಕೆಆರ್ ಅನ್ನೋ ಹೂಡಿಕೆ ಕಂಪನಿ ಕೊಂಡಿತು.

ನಿಮ್ಮ ಹತ್ತಿರ ಹಳೇ ಆವೃತ್ತಿ ಇದ್ದು ಪಾರ್ಟಿ ಹೊಸದರಲ್ಲಿ ಮಾಡಿದ ಫೈಲ್ ತಂದರೆ ತೆರೆಯಲ್ಲ. ಅದಕ್ಕೆ ಕೊಂಡುಕೊಳ್ಳುವಿಕೆ ಕಾರಣ ಅಲ್ಲ, ಅದು ಮಾಮೂಲಿ. ಹಳೇ ಆವೃತ್ತಿಗೆ ಸೇವ್ ಮಾಡಿ ಕಳಿಸಿ ಅಂತ ಹೇಳಿ.

ಫೋಟೊ ಸ್ಟುಡಿಯೊ ನಡೆಸ್ತೀನಿ. ಪಿಕಾಸಾ ಥರ ಇನ್ನೊಂದು ಬಂತಾ?

ನನಗೆ ಗೊತ್ತಿದ್ದ ಮಟ್ಟಿಗೆ ಅಷ್ಟು ಹಗುರ, ಅಷ್ಟು ಚುರುಕಿನದ್ದು ಬರಲಿಲ್ಲ. ಗೂಗಲ್ 2004ರಲ್ಲಿ ಕೊಂಡು ಬಿಟ್ಟಿಯಾಗಿ ಕೊಟ್ಟಿತು, 2016ರಲ್ಲಿ ಕೈಬಿಟ್ಟಿತು. ಮದುವೆಯ ಸಾವಿರಾರು ಫೋಟೊಗಳನ್ನು ಮುಖ ನೋಡಿ ವಿಂಗಡಿಸುತ್ತಿತ್ತು, ಅದೂ ನಿಮ್ಮದೇ ಕಂಪ್ಯೂಟರಿನಲ್ಲಿ. ಅದರ ಬದಲು ಕೊಟ್ಟ ಗೂಗಲ್ ಫೋಟೋಸ್‌ಗೆ ಎಲ್ಲವನ್ನೂ ನೆಟ್‌ಗೆ ಏರಿಸಬೇಕು. ಈಗ ಡಿಜಿಕ್ಯಾಮ್ ನೋಡಿ, ಉಚಿತ, ಮುಖ ಗುರುತಿಸುವುದೂ ಇದೆ. ಕಲಿಯೋಕೆ ಸ್ವಲ್ಪ ಸಮಯ ಬೇಕು.

ಸುಖಾಂತ್ಯದ ಒಂದು ಕತೆಯೂ ಇದೆ. ಫೋಟೊ ತಿದ್ದುವ ನಿಕ್ ಫಿಲ್ಟರ್‌ಗಳ ಕಂಪನಿಯನ್ನು 2012ರಲ್ಲಿ ಗೂಗಲ್ ಕೊಂಡಿತು. 2016ರಲ್ಲಿ ಉಚಿತ ಮಾಡಿತು, ಆಮೇಲೆ ಮುಂದೆ ಬೆಳೆಸಲ್ಲ ಅಂದುಬಿಟ್ಟಿತು. ಇದೂ ಹೋಯಿತು ಅಂದುಕೊಳ್ಳುವಷ್ಟರಲ್ಲಿ 2017ರಲ್ಲಿ ಡಿಎಕ್ಸ್‌ಒ ಕಂಪನಿ ಕೊಂಡು ಮತ್ತೆ ಜೀವ ಕೊಟ್ಟಿತು. ಈಗ ದುಡ್ಡು ಕೊಡಬೇಕು. ಕೊಡಬಹುದು.

ಪ್ಯಾಂಟೋನ್ ಬಣ್ಣ ಇದ್ದ ಹಳೇ ಫೈಲ್ ತೆರೆದರೆ ಕಪ್ಪಾಗಿ ಬಂತು. ಇದೂ ಅದೇ ಕತೆನಾ?

ಅಲ್ಲ. ಪ್ಯಾಂಟೋನ್ ಅಂದರೆ ನಂಬರ್ ಹಾಕಿದ ಬಣ್ಣಗಳ ಪಟ್ಟಿ ಮಾಡುವ ಕಂಪನಿ. ಇದು ಅಡೋಬಿ ಮತ್ತು ಪ್ಯಾಂಟೋನ್ ನಡುವಿನ ಲೈಸೆನ್ಸ್ ವ್ಯವಹಾರ, 2022ರಲ್ಲಿ ಆದದ್ದು.

ಫಿಗ್ಮಾ ಕೂಡ ಅಡೋಬಿದೇ ಅಲ್ವಾ?

ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡುವ ಫಿಗ್ಮಾ ಬಗ್ಗೆ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ 2,000 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂತ ಅಡೋಬಿ ಹೇಳಿದ್ದು ನಿಜ. ಯುರೋಪ್ ಮತ್ತು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಒಪ್ಪಲಿಲ್ಲ. 2023ರ ಡಿಸೆಂಬರಿನಲ್ಲಿ ವ್ಯವಹಾರ ಮುರಿದುಬಿತ್ತು, ಒಪ್ಪಂದದ ಪ್ರಕಾರ ಅಡೋಬಿ ಫಿಗ್ಮಾಗೆ 100 ಕೋಟಿ ಡಾಲರ್ ಕೊಟ್ಟಿತು. ಈ ನಡುವೆ ಫಿಗ್ಮಾಗೆ ಎದುರಾಗಿ ಅಡೋಬಿಯೇ ಬೆಳೆಸಿದ್ದ ಎಕ್ಸ್‌ಡಿ ಮೂಲೆ ಸೇರಿತ್ತು. 2023ರಲ್ಲಿ ಅದನ್ನು ಬಿಡಿಯಾಗಿ ಮಾರುವುದನ್ನೂ ನಿಲ್ಲಿಸಿದರು. ಮದುವೆ ಮುರಿದರೂ ಎಕ್ಸ್‌ಡಿ ವಾಪಸ್ ಬರಲಿಲ್ಲ. ಕೊಳ್ಳುವ ಮಾತುಕತೆಯೇ ಸಾಕು, ಒಂದು ಸಾಫ್ಟ್‌ವೇರ್ ಸೊರಗೋಕೆ.

ಅಫಿನಿಟಿಯನ್ನು ಕ್ಯಾನ್ವಾ ಕೊಂಡಿದೆಯಂತೆ. ಕಲಿಯಬಹುದಾ, ಅದೂ ಹೋಗುತ್ತಾ?

ಅಫಿನಿಟಿ ಅಂದರೆ ಅಡೋಬಿ ಸಾಫ್ಟ್‌ವೇರ್‌ಗಳಿಗೆ ಎದುರಾಳಿಯಾದ ಡಿಸೈನ್ ಸಾಫ್ಟ್‌ವೇರ್. ಅದನ್ನು ನೆಟ್‌ನಲ್ಲೇ ಡಿಸೈನ್ ಮಾಡಿಕೊಡುವ ಕ್ಯಾನ್ವಾ 2024ರ ಮಾರ್ಚ್‌ನಲ್ಲಿ ಕೊಂಡಿತು. 2025ರ ಅಕ್ಟೋಬರಿನಲ್ಲಿ ಡಿಸೈನರ್, ಫೋಟೊ, ಪಬ್ಲಿಷರ್ ಮೂರನ್ನೂ ಸೇರಿಸಿ ಒಂದೇ ಆ್ಯಪ್ ಮಾಡಿ ಉಚಿತವಾಗಿ ಬಿಟ್ಟಿದೆ. ಕ್ಯಾನ್ವಾ ಖಾತೆ ಬೇಕು, ಎಐ ಸೌಕರ್ಯಗಳಿಗೆ ದುಡ್ಡು. ಮೊದಲು ಒಂದೇ ಸಲ ದುಡ್ಡು ಕೊಟ್ಟರೆ ಸಾಫ್ಟ್‌ವೇರ್ ನಮ್ಮದೇ ಆಗುತ್ತಿತ್ತು. ಈಗ ದುಡ್ಡೂ ಇಲ್ಲ, ನಮ್ಮದು ಅನ್ನೋ ಖಾತ್ರಿಯೂ ಇಲ್ಲ.

ಇಲ್ಲಿ ಒಂದು ಸಮಾಧಾನ ಇದೆ. ಕ್ಯಾನ್ವಾ ಹತ್ತಿರ ಇಂಥ ವೃತ್ತಿಪರ ಸಾಫ್ಟ್‌ವೇರ್ ಮೊದಲು ಇರಲಿಲ್ಲ. ಎರಡರಲ್ಲಿ ಒಂದನ್ನು ಕೊಲ್ಲಬೇಕಾದ ಒತ್ತಡ ಅದಕ್ಕಿಲ್ಲ. ಕಲಿಯಿರಿ. ಆದರೆ ಪಾರ್ಟಿಯ ಕೆಲಸ ತಗೊಳ್ಳುವ ಮೊದಲು ನೀವು ಬಳಸುವ ಯೂನಿಕೋಡ್ ಫಾಂಟಿನಲ್ಲಿ ಒಂದು ಪುಟ ಕನ್ನಡ ಹಾಕಿ ನೋಡಿ. "ಸ್ತ್ರೀ", "ರಾಷ್ಟ್ರ", "ಅರ್ಘ್ಯ" ಈ ಮೂರು ಪದ ಸರಿ ಬಂದರೆ ಮಿಕ್ಕಿದ್ದು ಬರುತ್ತದೆ.

ಹಳೇ ಸಿಡಿ, ಲೈಸೆನ್ಸ್ ನಂಬರ್ ಎಲ್ಲ ಇಟ್ಟುಕೊಂಡಿದ್ದೀನಿ. ಸಾಕಲ್ವಾ?

ಸಾಲದು. ಇನ್‌ಸ್ಟಾಲ್ ಮಾಡಿದ ಮೇಲೆ ಕಂಪನಿಯ ಸರ್ವರ್ ಒಪ್ಪಬೇಕಾದ ಸಾಫ್ಟ್‌ವೇರ್ ಆದರೆ ಸರ್ವರ್ ಇರುವವರೆಗೆ ಮಾತ್ರ ಅದು ನಿಮ್ಮದು. ಸಿಎಸ್2ರ ಸರ್ವರ್ ಮುಚ್ಚಿದಾಗ, 2013ರ ಶುರುವಿನಲ್ಲಿ, ಹಳೇ ಗ್ರಾಹಕರಿಗೆ ಅಂತ ಸರ್ವರ್ ಬೇಡದ ಬೇರೆ ಪ್ರತಿ ಕೊಟ್ಟರು. ಊರವರೆಲ್ಲ ಅಡೋಬಿ ಬಿಟ್ಟಿ ಹಂಚುತ್ತಿದೆ ಅಂದುಕೊಂಡು ಇಳಿಸಿಕೊಂಡರು. 

ಹಳೇ ಫೈಲ್‌ಗಳನ್ನು ಈಗ ತೆರೆಯೋದು ಹೇಗೆ?

ಪೇಜ್‌ಮೇಕರ್ 6 ಮತ್ತು 7ರ ಫೈಲ್‌ಗಳನ್ನು ಇನ್‌ಡಿಸೈನ್ ಸಿಎಸ್6ರವರೆಗಿನವು ತೆರೆಯುತ್ತವೆ. ಕ್ರಿಯೇಟಿವ್ ಕ್ಲೌಡ್‌ನ ಇನ್‌ಡಿಸೈನ್ ತೆರೆಯಲ್ಲ. ಯಾರಾದರೂ ಸ್ನೇಹಿತರ ಹತ್ತಿರ ಓಡುವ ಸಿಎಸ್6 ಇದ್ದರೆ ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ಕ್ರೈಬಸ್ ಅಥವಾ ಲಿಬ್ರೆಆಫೀಸ್ ಡ್ರಾನಲ್ಲಿ ಪ್ರಯತ್ನಿಸಿ. ಎರಡೂ ಉಚಿತ. ಪುಟದ ಜೋಡಣೆ ಅಲ್ಲಲ್ಲಿ ಕೆಡುತ್ತದೆ, ಬರಹವಾದರೂ ಕೈಗೆ ಸಿಗುತ್ತದೆ.

ಫ್ರೀಹ್ಯಾಂಡ್ ಫೈಲ್‌ಗಳನ್ನು ಅಫಿನಿಟಿ ತೆರೆಯುತ್ತದೆ, ಲಿಬ್ರೆಆಫೀಸ್ ಡ್ರಾ ಕೂಡ. ಹೊಸ ಇಲಸ್ಟ್ರೇಟರ್ ತೆರೆಯಲ್ಲ. ಫ್ರೀಹ್ಯಾಂಡನ್ನು ಕೊಂಡವರ ಸಾಫ್ಟ್‌ವೇರೇ ಅದರ ಫೈಲನ್ನು ತೆರೆಯಲ್ಲ ಅನ್ನೋದು ನೋಡಿ!

ಕೋರೆಲ್ ಫೈಲ್‌ಗಳಿಗೆ ಇಂಕ್‌ಸ್ಕೇಪ್ ನೋಡಿ.

ತೆರೆದ ಮೇಲೂ ಕನ್ನಡದ ಕೆಲಸ ಬಾಕಿ ಇರುತ್ತದೆ. ಒಳಗಿನ ಬರಹ ನುಡಿ ಅಥವಾ ಶ್ರೀಲಿಪಿಯ ಹಳೇ ಅಕ್ಷರಜೋಡಣೆಯಲ್ಲಿರುತ್ತದೆ. ಅದನ್ನು ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಬೇಕು. ನುಡಿಯದ್ದಕ್ಕೆ ನುಡಿಯ ಕನ್ವರ್ಟರ್, ಶ್ರೀಲಿಪಿಯದ್ದಕ್ಕೆ ಶ್ರೀಲಿಪಿಯದ್ದು, ಅದಲು ಬದಲು ಮಾಡಬೇಡಿ. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಕನ್ವರ್ಟರ್ ಎಡವುವುದು ಹೆಚ್ಚಾಗಿ ಅಲ್ಲೇ. "ಸೂರ್ಯ", "ಕರ್ನಾಟಕ", "ಧರ್ಮ" ಹುಡುಕಿ ನೋಡಿದರೆ ಗೊತ್ತಾಗಿಬಿಡುತ್ತದೆ. ಮಧ್ಯೆ ಇಂಗ್ಲಿಷ್ ಪದ, ಫೋನ್ ನಂಬರ್ ಇದ್ದರೆ ಅವೂ ಕನ್ನಡ ಅಕ್ಷರಗಳಾಗಿ ಬದಲಾಗಿರಬಹುದು.

ಇನ್ನು ಮುಂದೆ ಮಾಡುವ ಫೈಲ್‌ಗಳಿಗೆ ಏನು ಎಚ್ಚರಿಕೆ?

ಕೆಲಸ ಮುಗಿದ ದಿನವೇ ನಾಲ್ಕು ವಸ್ತು ಒಂದು ಫೋಲ್ಡರಿಗೆ ಹಾಕಿ: ಮೂಲ ಫೈಲ್, ಪಿಡಿಎಫ್, ಬರೀ ಬರಹ ಇರುವ ಟೆಕ್ಸ್ಟ್ ಫೈಲ್, ಫಾಂಟ್‌ಗಳು. ಇನ್‌ಡಿಸೈನ್ ಆದರೆ ಐಡಿಎಂಎಲ್ ರೂಪದ ಫೈಲ್ ಕೂಡ ಸೇರಿಸಿ, ಬೇರೆ ಸಾಫ್ಟ್‌ವೇರ್‌ಗಳೂ ಅದನ್ನು ಓದುತ್ತವೆ. ಗೆರೆಚಿತ್ರ, ಲೋಗೋ ಆದರೆ ಎಸ್‌ವಿಜಿ ರೂಪದ ಫೈಲ್. ಬಿಲ್‌ಬುಕ್, ಹ್ಯಾಂಡ್‌ಬಿಲ್‌ಗೆಲ್ಲ ಇಷ್ಟು ಬೇಡ, ಪಿಡಿಎಫ್ ಸಾಕು. ಪುಸ್ತಕ, ಲೋಗೋ, ಪ್ರತಿವರ್ಷ ಮರುಕಳಿಸುವ ಪಂಚಾಂಗ, ಕ್ಯಾಲೆಂಡರ್‌ಗೆ ತಪ್ಪಿಸಬೇಡಿ.

ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಓದ್ತಿದ್ದೀನಿ. ಯಾವುದು ಕಲಿತರೆ ಮುಂದೆ ಹೋಗಲ್ಲ?

ಪೆನ್ ಟೂಲ್‌ನಲ್ಲಿ ಗೆರೆ ಬಾಗಿಸೋದು. ಹೀಗೆ ಬಾಗುವ ಬೆಜಿಯರ್ ಗೆರೆ ಎಲ್ಲ ಸಾಫ್ಟ್‌ವೇರ್‌ನಲ್ಲೂ ಒಂದೇ. ಕೆಲಸಕ್ಕೆ ಸೇರೋಕೆ ಅಡೋಬಿ ಬೇಕೇ ಬೇಕು, ಜೊತೆಗೆ ಇಂಕ್‌ಸ್ಕೇಪ್ ಅಥವಾ ಬ್ಲೆಂಡರ್ ಥರದ ಮುಕ್ತ ಸಾಫ್ಟ್‌ವೇರ್ ಒಂದನ್ನು ಇಟ್ಟುಕೊಳ್ಳಿ. ಅವುಗಳ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು.

ನನ್ನ ಹತ್ತಿರ ತಂದೆಯವರ ಕಾಲದ ಪೇಜ್‌ಮೇಕರ್ ಫೈಲ್‌ಗಳಿವೆ. ನಿಮ್ಮ ಹತ್ತಿರ ತರಬಹುದಾ?

ತನ್ನಿ. ಫೈಲ್ ಒಂದನ್ನೇ ತರಬೇಡಿ, ಆ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಕೊಳ್ಳಿ. ಆಗ ಅಚ್ಚಾದ ಪುಸ್ತಕದ ಒಂದು ಪ್ರತಿ ಮನೆಯಲ್ಲಿದ್ದರೆ ಅದನ್ನೂ ತನ್ನಿ, ಪುಟ ಹೇಗಿತ್ತು ಅಂತ ಹೋಲಿಸೋಕೆ ಬೇಕಾಗುತ್ತದೆ. ಫ್ಲಾಪಿಯಲ್ಲಿದ್ದರೆ ಮೊದಲು ಯಾರ ಹತ್ತಿರವಾದರೂ ಫ್ಲಾಪಿ ಡ್ರೈವ್ ಹುಡುಕಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ದಸರಾ ಸಮಯದಲ್ಲಿ ಮಾತ್ರ ಬೇಡ, ಆಗ ಬ್ಯಾನರ್ ಕೆಲಸ ಜಾಸ್ತಿ ಇರುತ್ತದೆ.